ಆಗುಂಬೆ ಘಾಟಿಗೆ ಹಗುರ ಗೇರ್: ಎಂಟು ಸ್ಪೀಡಿನ ಕ್ಲಾರಿಸ್ ಸೈಕಲ್ಲಿಗೆ ಯಾವ ಬಿಡಿಭಾಗ ಹೊಂದುತ್ತದೆ?

ತುಂಗಾದಂಡೆ (ಶಿವಮೊಗ್ಗ) ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಶಿಮಾನೋ ಕಂಪನಿಯ ಕ್ಲಾರಿಸ್ ಆರ್2000 ಗೇರ್ ಜೋಡಣೆಯ ರೋಡ್ ಬೈಕ್ ಇದೆ. ಕ್ರ್ಯಾಂಕ್‌ನಲ್ಲಿ ಪೆಡಲಿನ ಜೊತೆ ತಿರುಗುವ 50 ಮತ್ತು 34 ಹಲ್ಲಿನ ಎರಡು ಚೈನ್‌ರಿಂಗ್, ಹಿಂದೆ 11ರಿಂದ 28 ಹಲ್ಲಿನವರೆಗಿನ ಎಂಟು ಹಲ್ಲುಚಕ್ರಗಳ ಗುಚ್ಛ, ಎಂದರೆ ಎಂಟು ಸ್ಪೀಡಿನ ಕ್ಯಾಸೆಟ್, ರಿಮ್ ಬ್ರೇಕ್ ಮತ್ತು 25 ಮಿ.ಮೀ. ಟೈರ್ ಇವೆ. ಗಾಜನೂರು, ಸಕ್ರೆಬೈಲು, ಮಂಡಗದ್ದೆಯ ಮೇಲೆ ತೀರ್ಥಹಳ್ಳಿಯವರೆಗೆ ಹೋಗಿಬರಲು ಈ ಗೇರುಗಳು ಧಾರಾಳವಾಗಿ ಸಾಲುತ್ತವೆ. ಆದರೆ ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿದು ಅದೇ ಘಾಟಿಯನ್ನು ಮರಳಿ ಹತ್ತುವಾಗ ಅತಿ ಹಗುರ ಗೇರಿನಲ್ಲಿಯೂ ಪೆಡಲ್ ಬಹಳ ನಿಧಾನವಾಗಿ ತಿರುಗುತ್ತದೆ. ತಿರುವುಗಳಲ್ಲಿ ಎದ್ದುನಿಂತು ತುಳಿಯಬೇಕಾಗುತ್ತದೆ ಮತ್ತು ಮಂಡಿಚಿಪ್ಪಿನ ಸುತ್ತ ನೋವು ಕಾಣಿಸಿಕೊಳ್ಳುತ್ತದೆ.

ಪರಿಚಿತರೊಬ್ಬರು ತಮ್ಮ ಹಳೆಯ ಸೈಕಲ್ಲಿನಿಂದ ತೆಗೆದ ಶಿಮಾನೋ ಟಿಯಾಗ್ರಾ 4700 ಹಿಂಬದಿ ಡಿರೇಲರನ್ನೂ (ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ; ಇದು ಚೈನನ್ನು ಎಳೆದುಹಿಡಿಯುವ ಕೇಜ್ ಉದ್ದವಿರುವ ಜಿಎಸ್ ಮಾದರಿ), ಹನ್ನೊಂದು ಸ್ಪೀಡಿನ ಹಬ್ (ಗಾಲಿಯ ನಡುಭಾಗ) ಇರುವ ಒಂದು ಜೊತೆ ಗಾಲಿಗಳನ್ನೂ ಕಡಿಮೆ ಬೆಲೆಗೆ ಕೊಡುವುದಾಗಿ ಹೇಳಿದ್ದಾರೆ. ನನ್ನ ಎಂಟು ಸ್ಪೀಡಿನ ಶಿಫ್ಟರುಗಳನ್ನು (ಹ್ಯಾಂಡಲಿನ ಮೇಲಿನ ಗೇರ್ ಬದಲಿಸುವ ಹಿಡಿಕೆಗಳು) ಹಾಗೆಯೇ ಇಟ್ಟುಕೊಂಡು ಆ ಡಿರೇಲರನ್ನು ಹಾಕಿಕೊಂಡರೆ ದೊಡ್ಡ ಚಕ್ರಕ್ಕೆ 32 ಅಥವಾ 34 ಹಲ್ಲಿರುವ, ಇನ್ನೂ ಹಗುರ ಗೇರ್ ಕೊಡುವ ಕ್ಯಾಸೆಟ್ ನಡೆಯುತ್ತದೆಯೇ? ಆ ಗಾಲಿಯ ಮೇಲೆ ಎಂಟು ಸ್ಪೀಡಿನ ಕ್ಯಾಸೆಟ್ ಕೂರುತ್ತದೆಯೇ? ಅಥವಾ ಇದೆಲ್ಲ ಬಿಟ್ಟು ಹಣ ಕೂಡಿಸಿ ಒಮ್ಮೆಗೇ ಶಿಮಾನೋದ ಮೇಲಿನ ದರ್ಜೆಯ ಬಿಡಿಭಾಗಗಳ ಪೂರ್ತಿ ಕಟ್ಟಾದ 105 ಗ್ರೂಪ್‌ಸೆಟ್‌ಗೆ ಹೋಗುವುದು ಮೇಲೋ? ಮಳೆಗಾಲ ಮುಗಿಯುವಷ್ಟರಲ್ಲಿ ತೀರ್ಮಾನಿಸಬೇಕೆಂದಿದ್ದೇನೆ. ಬಲ್ಲವರು ದಯವಿಟ್ಟು ತಿಳಿಸಿ.

ಹಲ್ಲುಚಕ್ರ (ದುರ್ಗಿಗುಡಿ) ಅವರ ಉತ್ತರ:

ನಮಸ್ಕಾರ ಸರ್. ಮೊದಲು ಡಿರೇಲರಿನ ವಿಷಯ. ಅದನ್ನು ಕೊಳ್ಳಬೇಡಿ. ವಸ್ತು ಒಳ್ಳೆಯದೇ, ನಿಮ್ಮ ಶಿಫ್ಟರಿಗೆ ಹೊಂದುವುದಿಲ್ಲ ಅಷ್ಟೆ.

ಶಿಫ್ಟರಿನ ಒಂದು ಕ್ಲಿಕ್ಕಿಗೆ ಕೇಬಲ್ ಎಷ್ಟು ಎಳೆಯಲ್ಪಡುತ್ತದೆ, ಆ ಎಳೆತಕ್ಕೆ ಡಿರೇಲರ್ ಎಷ್ಟು ಸರಿಯುತ್ತದೆ, ಕ್ಯಾಸೆಟ್ಟಿನ ಎರಡು ಹಲ್ಲುಚಕ್ರಗಳ ನಡುವೆ ಎಷ್ಟು ಅಂತರವಿದೆ ಎಂಬ ಮೂರು ಅಳತೆಗಳು ಒಂದಕ್ಕೊಂದು ತಾಳೆಯಾದರೆ ಮಾತ್ರ ಗೇರ್ ಸರಿಯಾಗಿ ಬೀಳುತ್ತದೆ. ನಿಮ್ಮ ಎಂಟು ಸ್ಪೀಡಿನ ಶಿಫ್ಟರ್ ಕ್ಲಿಕ್ಕಿಗೆ ಸುಮಾರು 2.8 ಮಿ.ಮೀ. ಕೇಬಲ್ ಎಳೆಯುತ್ತದೆ. ಕ್ಲಾರಿಸ್ ಡಿರೇಲರ್ ಅದನ್ನು 1.7 ಪಟ್ಟು ಮಾಡಿ ಸರಿಯುವುದರಿಂದ ಸುಮಾರು 4.8 ಮಿ.ಮೀ. ಆಗುತ್ತದೆ, ಎಂಟು ಸ್ಪೀಡಿನ ಕ್ಯಾಸೆಟ್ಟಿನ ಅಂತರವೂ ಅಷ್ಟೇ. ಟಿಯಾಗ್ರಾ 4700 ಹತ್ತು ಸ್ಪೀಡಿನದ್ದಾದರೂ ಶಿಮಾನೋ ಅದಕ್ಕೆ ಹನ್ನೊಂದು ಸ್ಪೀಡಿನ ರೋಡ್ ಡಿರೇಲರಿನ ಅನುಪಾತವನ್ನೇ, ಎಂದರೆ ಸುಮಾರು 1.4 ಅನ್ನು ಇಟ್ಟಿದೆ. ನಿಮ್ಮ 2.8 ಅನ್ನು 1.4ರಿಂದ ಗುಣಿಸಿದರೆ ಬರುವುದು 3.9. ಪ್ರತಿ ಕ್ಲಿಕ್ಕಿಗೂ ಸುಮಾರು 0.9 ಮಿ.ಮೀ. ಕೊರತೆ ಬೀಳುತ್ತದೆ, ಎರಡು ಕ್ಲಿಕ್ಕಾಗುವಷ್ಟರಲ್ಲಿ ಚೈನು ಎರಡು ಚಕ್ರಗಳ ನಡುವೆ ಕಟಕಟ ಎನ್ನುತ್ತ ನಿಲ್ಲುತ್ತದೆ. ಕೇಬಲ್ ಬಿಗಿ ಮಾಡುವ ತಿರುಪಿನಿಂದ ಇದನ್ನು ಸರಿಪಡಿಸಲು ಸಾಧ್ಯವಿಲ್ಲ, ಏಕೆಂದರೆ ಆ ತಿರುಪು ಆರಂಭದ ಸ್ಥಾನವನ್ನು ಬದಲಿಸುತ್ತದೆಯೇ ಹೊರತು ಹೆಜ್ಜೆಯ ಉದ್ದವನ್ನಲ್ಲ. ಇದೇ ಕಾರಣಕ್ಕೆ 4700 ತನ್ನ ಹಿಂದಿನ ತಲೆಮಾರಿನ ಟಿಯಾಗ್ರಾ 4600ರ ಶಿಫ್ಟರಿಗೂ ಹೊಂದುವುದಿಲ್ಲ. ಹೆಸರೂ ಒಂದೇ, ಸ್ಪೀಡೂ ಒಂದೇ ಎಂದು ನಂಬಿ ಕೊಂಡವರು ನಮ್ಮಲ್ಲಿಗೆ ಬರುತ್ತಲೇ ಇರುತ್ತಾರೆ.

ಹಾಗಾದರೆ ಯಾವುದು ಹೊಂದುತ್ತದೆ? ಕ್ಲಾರಿಸ್ ಆರ್2000 ಜಿಎಸ್, ಸೋರಾ ಆರ್3000 ಜಿಎಸ್, ಇವೆರಡೂ 1.7ರ ಅನುಪಾತದವು ಮತ್ತು 34 ಹಲ್ಲಿನವರೆಗೆ ಹೋಗಬಲ್ಲವು. ಸೋರಾ ಒಂಬತ್ತು ಸ್ಪೀಡಿನದ್ದೆಂದು ಹಿಂಜರಿಯಬೇಕಾಗಿಲ್ಲ. ಹೆಜ್ಜೆ ಎಷ್ಟೆಂಬುದನ್ನು ನಿರ್ಧರಿಸುವುದು ಶಿಫ್ಟರ್, ಡಿರೇಲರಿಗೆ ಎಣಿಕೆ ಬರುವುದಿಲ್ಲ. ಇನ್ನೊಂದು ದಾರಿಯೂ ಇದೆ. ಶಿಮಾನೋದ ಒಂಬತ್ತು ಸ್ಪೀಡಿನ ಎಂಟಿಬಿ (ಮೌಂಟನ್ ಬೈಕ್) ಡಿರೇಲರುಗಳು, ಉದಾಹರಣೆಗೆ ಆಲಿವಿಯೋ ಎಂ4000, ಇದೇ ಅನುಪಾತದವು. ನಮ್ಮೂರಿನ ಅಂಗಡಿಗಳಲ್ಲಿ ರೋಡ್ ಬೈಕಿನ ಭಾಗಗಳಿಗಿಂತ ಅವು ಸುಲಭವಾಗಿ ಸಿಗುತ್ತವೆ. ಆದರೆ ಎಂಟಿಬಿಯಲ್ಲಿ ಹತ್ತು ಸ್ಪೀಡಿಗೆ ಹೋದರೆ ಎಳೆತದ ಲೆಕ್ಕವೇ ಬೇರೆಯಾಗುತ್ತದೆ, ಅದು ಬೇಡ. ಮುಂಬದಿ ಡಿರೇಲರನ್ನು ಮಾತ್ರ ರೋಡ್ ಮಾದರಿಯದ್ದನ್ನೇ ಇಟ್ಟುಕೊಳ್ಳಬೇಕು.

ಗಾಲಿಯನ್ನು ಕೊಳ್ಳಬಹುದು. ಹನ್ನೊಂದು ಸ್ಪೀಡಿನ ರೋಡ್ ಫ್ರೀಹಬ್ (ಹಬ್ಬಿನಲ್ಲಿ ಕ್ಯಾಸೆಟ್ ಕೂರುವ ಭಾಗ) ಹಳೆಯದಕ್ಕಿಂತ 1.85 ಮಿ.ಮೀ. ಅಗಲ. ಕ್ಯಾಸೆಟ್ಟಿನ ಹಿಂದೆ ಅಷ್ಟೇ ದಪ್ಪದ ಸ್ಪೇಸರ್ ಹಾಕಿದರೆ ಎಂಟು ಸ್ಪೀಡಿನದ್ದು ಅಲುಗಾಡದೆ ಕೂರುತ್ತದೆ. ಕೊಳ್ಳುವ ಮುನ್ನ ಎರಡು ಸಂಗತಿ ನೋಡಿಕೊಳ್ಳಿ: ಫ್ರೀಹಬ್ ಶಿಮಾನೋ ಮಾದರಿಯದ್ದೇ ಆಗಿರಬೇಕು, ಮತ್ತು ಹಿಂಬದಿ ಹಬ್ಬಿನ ಅಗಲ 130 ಮಿ.ಮೀ. ಇರಬೇಕು. ಡಿಸ್ಕ್ ಬ್ರೇಕಿನ ಗಾಲಿಯಾಗಿದ್ದರೆ ನಿಮ್ಮ ಫ್ರೇಮಿಗೆ ಅದು ಬೇಡವೇ ಬೇಡ.

ನಿಮ್ಮ ಈಗಿನ ಡಿರೇಲರಿನ ಒಳಮೈಯಲ್ಲಿ ಅದರ ಸಂಕೇತ ಅಚ್ಚಾಗಿರುತ್ತದೆ. ಎಸ್‌ಎಸ್ (ಚಿಕ್ಕ ಕೇಜ್) ಎಂದಿದೆಯೋ ಜಿಎಸ್ (ಉದ್ದ ಕೇಜ್) ಎಂದಿದೆಯೋ ನೋಡಿ ತಿಳಿಸಿ. ಜಿಎಸ್ ಇದ್ದರೆ ಡಿರೇಲರಿಗೆ ನೀವು ಒಂದು ರೂಪಾಯಿಯನ್ನೂ ಖರ್ಚು ಮಾಡಬೇಕಾಗಿಲ್ಲ.

ಘಟ್ಟದಂಚು (ತೀರ್ಥಹಳ್ಳಿ) ಅವರ ಉತ್ತರ:

ಮೇಲಿನವರು ಹೊಂದಾಣಿಕೆಯನ್ನು ಸ್ಪಷ್ಟವಾಗಿ ಹೇಳಿದ್ದಾರೆ. ನಿಮಗೆ ನಿಜವಾಗಿ ಎಷ್ಟು ಹಗುರ ಗೇರ್ ಬೇಕು ಎಂಬುದನ್ನು ಲೆಕ್ಕಹಾಕಿ ನೋಡಿದರೆ ಕೊಳ್ಳುವುದು ಸುಲಭವಾಗುತ್ತದೆ.

25 ಮಿ.ಮೀ. ಟೈರಿನ ಗಾಲಿ ಒಂದು ಸುತ್ತಿಗೆ ಸುಮಾರು 2.1 ಮೀಟರ್ ಉರುಳುತ್ತದೆ. 34ಕ್ಕೆ 28ರ ಗೇರಿನಲ್ಲಿ (ಮುಂದೆ 34, ಹಿಂದೆ 28 ಹಲ್ಲು) ಪೆಡಲಿನ ಒಂದು ಸುತ್ತಿಗೆ ಸೈಕಲ್ 2.55 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ 9.2 ಕಿ.ಮೀ. ಸವಾರ ಮತ್ತು ಸೈಕಲ್ ಸೇರಿ 85 ಕೆ.ಜಿ. ಎಂದೂ, ಏರು ಶೇಕಡಾ 8 ಎಂದೂ ಇಟ್ಟುಕೊಂಡರೆ ಆ ವೇಗಕ್ಕೆ 180 ವ್ಯಾಟಿಗೂ ತುಸು ಹೆಚ್ಚು ಶಕ್ತಿ ಬೇಕು. ಅಷ್ಟು ಶಕ್ತಿಯನ್ನು ಘಾಟಿಯ ಉದ್ದಕ್ಕೂ ಕೊಡಲಾಗದವರು ಅನಿವಾರ್ಯವಾಗಿ ಪೆಡಲಿನ ಸುತ್ತು ಇಳಿಸುತ್ತಾರೆ. ಸುತ್ತು ಇಳಿದಷ್ಟೂ ಪ್ರತಿ ತುಳಿತದ ಒತ್ತಡ ಮಂಡಿಯ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ. ನಿಮ್ಮ ಮಂಡಿನೋವಿಗೆ ಇದೂ ಒಂದು ಕಾರಣವಿರಬಹುದು. ಸೀಟಿನ ಎತ್ತರವನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ, ಮಂಡಿಚಿಪ್ಪಿನ ಮುಂಭಾಗದ ನೋವಿಗೆ ಸೀಟು ತಗ್ಗಾಗಿರುವುದೂ ಕಾರಣವಾಗುವುದುಂಟು.

34ಕ್ಕೆ 32 ಆದರೆ ಅದೇ 60 ಸುತ್ತಿಗೆ ವೇಗ 8 ಕಿ.ಮೀ., ಬೇಕಾಗುವ ಶಕ್ತಿ 160 ವ್ಯಾಟ್. 34ಕ್ಕೆ 34 ಆದರೆ ವೇಗ 7.6, ಶಕ್ತಿ 150 ವ್ಯಾಟ್. ಇವುಗಳಲ್ಲಿ 34ರದ್ದೇ ಒಳ್ಳೆಯದೆಂದು ತೋರುವುದು ಸಹಜ. ಆದರೆ ಶಿಮಾನೋದ ಎಂಟು ಸ್ಪೀಡಿನ 11–34 ಕ್ಯಾಸೆಟ್ಟಿನ ಹಲ್ಲುಗಳ ಸಾಲನ್ನು ನೋಡಿ: 11, 13, 15, 17, 20, 23, 26, ಆಮೇಲೆ ಒಮ್ಮೆಲೇ 34. ಕೊನೆಯ ಹೆಜ್ಜೆ ಶೇಕಡಾ 30ರಷ್ಟು ದೊಡ್ಡದು. ಘಾಟಿಯ ತಿರುವಿನಲ್ಲಿ 26ರಿಂದ 34ಕ್ಕೆ ಹಾಕಿದ ಕ್ಷಣ ಕಾಲು ಗಾಳಿಯಲ್ಲಿ ತಿರುಗಿದಂತಾಗುತ್ತದೆ. ತಿರುವು ದಾಟಿ ಏರು ತುಸು ಕಡಿಮೆಯಾದಾಗ 26 ಭಾರ, 34 ಹಗುರ, ನಡುವೆ ನಿಲ್ಲಲು ಏನೂ ಇರುವುದಿಲ್ಲ. 11–32ರಲ್ಲಿ 11, 13, 15, 18, 21, 24, 28, 32 ಎಂದು ಮೇಲ್ತುದಿಯ ಹೆಜ್ಜೆಗಳು ಸಮವಾಗಿವೆ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಏರು ಒಂದೇ ತೆರನಾಗಿಲ್ಲ, ತಿರುವಿನ ಒಳಮಗ್ಗುಲಲ್ಲಿ ಕಡಿದಾಗಿ ಮುಂದೆ ಸಡಿಲವಾಗುತ್ತದೆ. ಅಂಥ ರಸ್ತೆಯಲ್ಲಿ 24, 28, 32 ಎಂಬ ಮೂರು ಮೆಟ್ಟಿಲುಗಳು ಇರುವುದು ಒಂದೇ ಒಂದು ಅತಿ ಹಗುರ ಗೇರ್ ಇರುವುದಕ್ಕಿಂತ ಉಪಯುಕ್ತವೆಂಬುದು ನನ್ನ ಅಭಿಪ್ರಾಯ. ಹುಲಿಕಲ್ ಘಾಟಿಯನ್ನು ಹೊಸಂಗಡಿ ಕಡೆಯಿಂದ ಹತ್ತುವ ಮನಸ್ಸಿದ್ದರೆ ಆಗ 34ರ ಮಾತು ಬೇರೆ.

ಮುಂದಿನ ಚೈನ್‌ರಿಂಗ್ ಚಿಕ್ಕದಾಗಿಸುವ ದಾರಿಯನ್ನೂ ಕೆಲವರು ಹೇಳುತ್ತಾರೆ. ಶಿಮಾನೋ ಜಿಆರ್‌ಎಕ್ಸ್‌ನ 46–30 ಕ್ರ್ಯಾಂಕ್ ಹಾಕಿದರೆ ಈಗಿನ 28ರಲ್ಲೇ 34ಕ್ಕೆ 32ರಷ್ಟು ಹಗುರ ಗೇರ್ ಸಿಗುತ್ತದೆ. ಆದರೆ ಆ ಕ್ರ್ಯಾಂಕಿನ ಚೈನ್‌ಲೈನ್ (ಚೈನು ಓಡುವ ಸಾಲು) 2.5 ಮಿ.ಮೀ. ಹೊರಗಿರುವುದರಿಂದ ಮುಂಬದಿ ಡಿರೇಲರನ್ನೂ ಅದೇ ಸಾಲಿನದ್ದಕ್ಕೆ ಬದಲಿಸಬೇಕಾಗುತ್ತದೆ. ಒಂದು ಕ್ಯಾಸೆಟ್ಟಿನಿಂದ ಆಗುವ ಕೆಲಸಕ್ಕೆ ಅಷ್ಟು ಸುತ್ತು ಬೇಡ.

ತುಂಗಾದಂಡೆ (ಶಿವಮೊಗ್ಗ):

ಇಬ್ಬರಿಗೂ ಧನ್ಯವಾದಗಳು. ಡಿರೇಲರನ್ನು ಒರೆಸಿ ನೋಡಿದೆ, ಎಸ್‌ಎಸ್ ಎಂದು ಅಚ್ಚಾಗಿದೆ. ಗಾಲಿ ರಿಮ್ ಬ್ರೇಕಿನದ್ದು, ಹಬ್ ಶಿಮಾನೋದ್ದು ಎಂದು ಅವರು ದೃಢಪಡಿಸಿದ್ದಾರೆ. 32ರ ಕ್ಯಾಸೆಟ್ಟಿಗೆ ಎಸ್‌ಎಸ್ ಸಾಕಾಗುವುದಿಲ್ಲವೇ? ಚೈನನ್ನೂ ಬದಲಿಸಬೇಕೇ?

ಇಕ್ಕೇರಿ ಸವಾರ (ಸಾಗರ) ಅವರ ಉತ್ತರ:

ನನ್ನದು ಸ್ವಲ್ಪ ಭಿನ್ನ ಅಭಿಪ್ರಾಯ. ಕ್ಯಾಸೆಟ್, ಡಿರೇಲರ್, ಚೈನು, ಗಾಲಿ ಎಂದು ಒಂದೊಂದಾಗಿ ಕೊಳ್ಳುತ್ತ ಹೋದರೆ ಕೊನೆಗೆ ಕೈಯಲ್ಲಿ ಉಳಿಯುವುದು ಎಂಟು ಸ್ಪೀಡೇ. ಗಾಲಿ ಈಗಾಗಲೇ ಹನ್ನೊಂದು ಸ್ಪೀಡಿನದ್ದು ಬರುತ್ತಿರುವಾಗ 105 ಆರ್7000ಕ್ಕೆ ಹೋಗುವುದು ಸೂಕ್ತವಲ್ಲವೇ? ಅದರ ಜಿಎಸ್ ಡಿರೇಲರ್ 34 ಹಲ್ಲಿನವರೆಗೆ ನಡೆಯುತ್ತದೆ, ಹನ್ನೊಂದು ಚಕ್ರಗಳಿರುವುದರಿಂದ ತೀರ್ಥಹಳ್ಳಿಯವರು ಹೇಳಿದ ದೊಡ್ಡ ಜಿಗಿತದ ತೊಂದರೆಯೂ ಇರುವುದಿಲ್ಲ. ರಿಮ್ ಬ್ರೇಕಿನ ಫ್ರೇಮ್ ಇಟ್ಟುಕೊಂಡಿರುವವರಿಗೆ ಇದು ಕೊನೆಯ ಅವಕಾಶವೂ ಹೌದು, ಏಕೆಂದರೆ ಅದರ ನಂತರದ ಹನ್ನೆರಡು ಸ್ಪೀಡಿನ 105 ಶಿಫ್ಟರುಗಳು ಹೈಡ್ರಾಲಿಕ್ ಡಿಸ್ಕ್ ಬ್ರೇಕಿಗೆ ಮಾತ್ರ ಬಂದಿವೆ. ದಾಸ್ತಾನು ಮುಗಿಯುವ ಮೊದಲೇ ತೆಗೆದಿಟ್ಟುಕೊಳ್ಳುವುದು ಜಾಣತನವೆಂದು ನನಗೆ ತೋರುತ್ತದೆ.

ಹಲ್ಲುಚಕ್ರ (ದುರ್ಗಿಗುಡಿ) ಅವರ ಉತ್ತರ:

ಸಾಗರದವರ ಮಾತಿನಲ್ಲಿ ಹುರುಳಿದೆ, ಆದರೆ ಖರ್ಚನ್ನು ಪೂರ್ತಿಯಾಗಿ ಎಣಿಸಬೇಕು. ಹನ್ನೊಂದಕ್ಕೆ ಹೋದರೆ ಎರಡೂ ಶಿಫ್ಟರ್, ಎರಡೂ ಡಿರೇಲರ್, ಕ್ಯಾಸೆಟ್, ಚೈನು, ಕೇಬಲ್ ಎಲ್ಲವೂ ಹೊಸದಾಗಬೇಕು. ಕ್ರ್ಯಾಂಕ್ ಬದಲಿಸುವುದಾದರೆ ಬಾಟಮ್ ಬ್ರಾಕೆಟ್ (ಕ್ರ್ಯಾಂಕ್ ತಿರುಗುವ ಬೇರಿಂಗ್) ಯಾವ ಜಾತಿಯದ್ದೆಂದು ಮೊದಲು ನೋಡಬೇಕು. ತಿರುಪಿನಂತೆ ಮರೆ ಸುತ್ತಿದ 68 ಮಿ.ಮೀ. ಬಿಎಸ್‌ಎ ಶೆಲ್ ಆದರೆ ಚಿಂತೆಯಿಲ್ಲ, ಚೈನಿನ ಬದಿಯ ಬೇರಿಂಗ್ ಕಪ್ ಎಡಮರೆಯದ್ದು (ಉಲ್ಟಾ ತಿರುಗುವ ತಿರುಪು) ಎಂಬುದೊಂದನ್ನು ನೆನಪಿಟ್ಟುಕೊಂಡು ಬಿಚ್ಚಿದರಾಯಿತು. ಅಂದಹಾಗೆ, ಹನ್ನೊಂದು ಸ್ಪೀಡಿಗೆ ಗಾಲಿ ಬದಲಿಸಲೇಬೇಕೆಂಬ ನಂಬಿಕೆ ಪೂರ್ತಿ ನಿಜವಲ್ಲ. ಶಿಮಾನೋದ 11–34 ಎಚ್‌ಜಿ800 ಕ್ಯಾಸೆಟ್ ಹಳೆಯ ಅಗಲದ ಫ್ರೀಹಬ್ಬಿನ ಮೇಲೆಯೂ ಕೂರುತ್ತದೆ.

ನೀವು ಕೇಳಿದ್ದು ಘಾಟಿ ಹತ್ತುವ ಗೇರು. ಅದಕ್ಕೆ ಹನ್ನೊಂದು ಸ್ಪೀಡ್ ಅಗತ್ಯವಿಲ್ಲ. ಮಲೆನಾಡಿನ ಮಳೆಯಲ್ಲಿ ಎಂಟು ಸ್ಪೀಡಿಗೆ ಒಂದು ಅನುಕೂಲವೂ ಇದೆ: ಚಕ್ರಗಳ ನಡುವಿನ ಅಂತರ ಹೆಚ್ಚಿರುವುದರಿಂದ ಕೇಬಲಿನೊಳಗೆ ಕೆಸರು ಸೇರಿ ತುಸು ಬಿಗಿಯಾದರೂ ಗೇರ್ ಬೀಳುತ್ತದೆ, ಚೈನು ಕ್ಯಾಸೆಟ್ಟುಗಳ ಬೆಲೆಯೂ ಕಡಿಮೆ. ಆರಿದ್ರೆಯಿಂದ ಪುಷ್ಯ ಮಳೆಯವರೆಗೆ ಸೈಕಲ್ ಹೊರತೆಗೆಯುವವರು ವರ್ಷಕ್ಕೊಮ್ಮೆಯಾದರೂ ಚೈನು ಬದಲಿಸಬೇಕಾಗುತ್ತದೆ, ಆಗ ಈ ವ್ಯತ್ಯಾಸ ಗೊತ್ತಾಗುತ್ತದೆ.

ಈಗ ಎಸ್‌ಎಸ್ ಪ್ರಶ್ನೆ. ಡಿರೇಲರಿಗೆ ಎರಡು ಮಿತಿಗಳಿವೆ. ದೊಡ್ಡ ಚಕ್ರ ಎಷ್ಟು ಹಲ್ಲಿನದ್ದಾಗಬಹುದು ಎಂಬುದು ಒಂದು, ಒಟ್ಟು ಎಷ್ಟು ಸಡಿಲ ಚೈನನ್ನು ಎಳೆದುಕೊಳ್ಳಬಲ್ಲದು ಎಂಬುದು ಇನ್ನೊಂದು. ಎರಡನೆಯದನ್ನು ಜನ ಮರೆಯುತ್ತಾರೆ. ಮುಂದಿನ ವ್ಯತ್ಯಾಸ 50ರಿಂದ 34 ಕಳೆದರೆ 16, ಹಿಂದಿನದು 32ರಿಂದ 11 ಕಳೆದರೆ 21, ಕೂಡಿದರೆ 37. ಈಗ ನಿಮ್ಮದು 33. ಶಿಮಾನೋದ ಚಿಕ್ಕ ಕೇಜಿನ ರೋಡ್ ಡಿರೇಲರುಗಳು ಸಾಮಾನ್ಯವಾಗಿ 33ರಿಂದ 35ರ ಆಸುಪಾಸಿಗೆ ಮಾಡಿದವು. 37ಕ್ಕೆ ಎಳೆದರೆ ಮುಂದೆ ಚಿಕ್ಕದು, ಹಿಂದೆ ಚಿಕ್ಕದು ಇರುವಾಗ ಚೈನು ಜೋತುಬೀಳುತ್ತದೆ. ಜೋತುಬೀಳಬಾರದೆಂದು ಚೈನನ್ನು ಕತ್ತರಿಸಿ ಗಿಡ್ಡ ಮಾಡಿದರೆ ಮುಂದೆ 50, ಹಿಂದೆ 32 ಬಿದ್ದಾಗ ಅದು ಡಿರೇಲರನ್ನೇ ಕಿತ್ತು ಕಡ್ಡಿಗಳೊಳಗೆ ಎಳೆದುಬಿಡಬಹುದು. ಆದ್ದರಿಂದ ಜಿಎಸ್ ತೆಗೆದುಕೊಳ್ಳಿ. ಮುಂದೆ 34ಕ್ಕೆ ಹೋಗಬೇಕೆನಿಸಿದರೂ ಅದೇ ಸಾಕಾಗುತ್ತದೆ.

ಚೈನು ಹೊಸದು ಬೇಕೇ ಬೇಕು. ದೊಡ್ಡ ಚಕ್ರಕ್ಕೆ ನಾಲ್ಕು ಹಲ್ಲು ಹೆಚ್ಚಾಗಿರುವುದರಿಂದ ಹಳೆಯ ಚೈನು ಸುಮಾರು ಒಂದು ಇಂಚು ಸಾಲದು. ಹೊಸದನ್ನು ಮುಂದಿನ ದೊಡ್ಡ ಚೈನ್‌ರಿಂಗ್ ಮತ್ತು ಹಿಂದಿನ ದೊಡ್ಡ ಚಕ್ರದ ಮೇಲೆ ಡಿರೇಲರಿಗೆ ಸೇರಿಸದೆ ಸುತ್ತಿ, ತುದಿಗಳು ಕೂಡುವ ಜಾಗದಿಂದ ಒಂದು ಇಂಚು ಹೆಚ್ಚು ಬಿಟ್ಟು ಕತ್ತರಿಸಿ. ಎಂಟು ಸ್ಪೀಡಿನ ಚೈನನ್ನೇ ಕೇಳಿ ತನ್ನಿ. ಹಳೆಯ ಚೈನು ಎಷ್ಟು ಸವೆದಿದೆ ಎಂಬ ಕುತೂಹಲವಿದ್ದರೆ ಇಂಚುಪಟ್ಟಿ ಸಾಕು: ಹನ್ನೆರಡು ಪೂರ್ಣ ಕೊಂಡಿಗಳು ಸರಿಯಾಗಿ 12 ಇಂಚು ಇರಬೇಕು. 1/16 ಇಂಚು ಹೆಚ್ಚಾಗಿದ್ದರೆ ಚೈನಿನ ಕಾಲ ಮುಗಿದಿದೆ; 1/8 ಹೆಚ್ಚಾಗಿದ್ದರೆ ಕ್ಯಾಸೆಟ್ಟನ್ನೂ ತಿಂದುಹಾಕಿದೆ.

ಕ್ಯಾಸೆಟ್ ಕೊಳ್ಳುವಾಗ ಒಂದು ಎಚ್ಚರಿಕೆ. 2023ರಿಂದ ಶಿಮಾನೋದ ಕ್ಯೂಸ್ ಎಂಬ ಹೊಸ ಸಾಲು ಬಂದಿದೆ. ಅದರ ಲಿಂಕ್‌ಗ್ಲೈಡ್ ಕ್ಯಾಸೆಟ್ಟುಗಳು ಹಳೆಯ ಫ್ರೀಹಬ್ಬಿನ ಮೇಲೆ ಕೂರುತ್ತವೆಯಾದರೂ ಒಂಬತ್ತು, ಹತ್ತು, ಹನ್ನೊಂದು ಯಾವ ಸ್ಪೀಡಿನದ್ದಾದರೂ ಚಕ್ರಗಳ ನಡುವಿನ ಅಂತರ ಒಂದೇ. ಮುಂದೆ ಸೋರಾ ಒಂಬತ್ತು ಸ್ಪೀಡಿಗೆ ಏರುವ ಆಲೋಚನೆ ಬಂದರೆ ಕ್ಯೂಸ್‌ನ ಒಂಬತ್ತನ್ನು ಅದರ ಜೊತೆ ಬೆರೆಸಬೇಡಿ.

ಘಟ್ಟದಂಚು (ತೀರ್ಥಹಳ್ಳಿ):

ಹತ್ತುವುದರ ಬಗ್ಗೆ ಇಷ್ಟು ಚರ್ಚೆಯಾಯಿತು, ಇಳಿಯುವುದರ ಬಗ್ಗೆ ಯಾರೂ ಹೇಳಲಿಲ್ಲ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ ಜೀವ ಇರುವುದು ಬ್ರೇಕಿನಲ್ಲಿ. ನೀವು ಸೆಕೆಂಡ್‌ಹ್ಯಾಂಡ್ ಗಾಲಿ ಕೊಳ್ಳುತ್ತಿರುವುದರಿಂದ ರಿಮ್ಮಿನ ಬದಿಯನ್ನು ಬೆರಳಿನಿಂದ ಸವರಿ ನೋಡಿ. ಬ್ರೇಕ್ ಹಿಡಿಯುವ ಜಾಗ ಸಪಾಟಾಗಿರಬೇಕು; ಬಟ್ಟಲಿನಂತೆ ಒಳಗೆ ತಗ್ಗಾಗಿದ್ದರೆ ಅಥವಾ ಸವೆತ ತೋರಿಸುವ ಸಣ್ಣ ಗೀರು ಅಳಿಸಿಹೋಗಿದ್ದರೆ ಆ ರಿಮ್ ಎಷ್ಟು ಅಗ್ಗವಾಗಿದ್ದರೂ ಬೇಡ. ನಮ್ಮ ಕೆಂಪು ಮಣ್ಣಿನ ಕೆಸರು ಬ್ರೇಕ್ ರಬ್ಬರಿಗೆ ಅಂಟಿ ಅಲ್ಯುಮಿನಿಯಮ್ಮನ್ನು ಉಜ್ಜುಕಾಗದದಂತೆ ತೇಯುತ್ತದೆ. ಪ್ರತಿ ಒದ್ದೆ ಸವಾರಿಯ ನಂತರ ರಬ್ಬರನ್ನು ನೋಡಿ, ಒಳಗೆ ಹೊಕ್ಕ ಹರಳು ಮತ್ತು ಲೋಹದ ಚೂರುಗಳನ್ನು ಪಿನ್ನಿನಿಂದ ತೆಗೆಯುವುದು ಒಳ್ಳೆಯದು.

28 ಮಿ.ಮೀ. ಟೈರ್ ಹಾಕುವ ಯೋಚನೆಯಿದ್ದರೆ ಬ್ರೇಕಿನ ಕಮಾನಿನ ಕೆಳಗೆ ಮತ್ತು ಫ್ರೇಮಿನ ಎರಡೂ ಬದಿ ಕನಿಷ್ಠ 4 ಮಿ.ಮೀ. ಜಾಗ ಉಳಿಯಬೇಕು. ಟೈರಿನ ಮೇಲೆ ಬರೆದ ಅಳತೆಯನ್ನು ನಂಬದೆ ಗಾಳಿ ತುಂಬಿಸಿ ಅಳೆಯಿರಿ, ಅಗಲ ರಿಮ್ಮಿನಲ್ಲಿ ಅದೇ ಟೈರ್ ಇನ್ನಷ್ಟು ಹರಡಿಕೊಳ್ಳುತ್ತದೆ.

ತುಂಗಾದಂಡೆ (ಶಿವಮೊಗ್ಗ):

ಸದ್ಯಕ್ಕೆ 105ರ ಯೋಚನೆಯನ್ನು ಬದಿಗಿಟ್ಟಿದ್ದೇನೆ. 11–32 ಕ್ಯಾಸೆಟ್, ಕ್ಲಾರಿಸ್ ಜಿಎಸ್ ಡಿರೇಲರ್, ಎಂಟು ಸ್ಪೀಡಿನ ಚೈನು ಮತ್ತು 1.85ರ ಸ್ಪೇಸರ್ ತರಿಸುತ್ತೇನೆ. ಗಾಲಿಯನ್ನು ರಿಮ್ ನೋಡಿದ ಮೇಲೆ ತೀರ್ಮಾನಿಸುತ್ತೇನೆ. ಕೇಬಲುಗಳನ್ನೂ ಇದೇ ಸಮಯದಲ್ಲಿ ಬದಲಿಸುವುದು ಒಳ್ಳೆಯದೇ? ಮನೆಯಲ್ಲಿ ಗೇರಿನ ಔಟರ್ (ಕೇಬಲಿನ ಹೊರಕವಚ) ಒಂದು ಸುರುಳಿ ಉಳಿದಿದೆ, ಬ್ರೇಕಿಗೂ ಅದನ್ನೇ ಹಾಕಬಹುದೇ?

ಹಲ್ಲುಚಕ್ರ (ದುರ್ಗಿಗುಡಿ):

ಖಂಡಿತ ಹಾಕಬಾರದು ಸರ್. ಗೇರಿನ ಔಟರಿನಲ್ಲಿ ತಂತಿಗಳು ಉದ್ದುದ್ದ ಇರುತ್ತವೆ, ಗೇರ್ ಕರಾರುವಾಕ್ಕಾಗಿ ಬೀಳಲೆಂದು. ಬ್ರೇಕಿನ ಬಿಗಿತಕ್ಕೆ ಅದು ಸೀಳಿ ಹೋಗಬಹುದು. ಬ್ರೇಕಿನ ಔಟರಿನಲ್ಲಿ ತಂತಿ ಸುರುಳಿಯಾಗಿ ಸುತ್ತಿರುತ್ತದೆ, ಅದು ಸಾಮಾನ್ಯವಾಗಿ 5 ಮಿ.ಮೀ. ದಪ್ಪ, ಗೇರಿನದ್ದು 4 ಮಿ.ಮೀ. ಇಳಿಜಾರಿನಲ್ಲಿ ಔಟರ್ ಸೀಳಿದರೆ ಆ ಬ್ರೇಕ್ ಇಲ್ಲವೆಂದೇ ಅರ್ಥ.

ಕೇಬಲ್ ಬದಲಿಸುವುದಾದರೆ ಮಳೆ ನಿಂತ ಮೇಲೆ ಬದಲಿಸಿ, ಒಳತಂತಿ ಸ್ಟೇನ್‌ಲೆಸ್ ಇರಲಿ. ಹಿಂಬದಿ ಡಿರೇಲರಿಗೆ ಹೋಗುವ ಕೊನೆಯ ಬಳಸಿನಲ್ಲಿ ನೀರು ನಿಲ್ಲುತ್ತದೆ, ಅಲ್ಲಿಗೆ ರಬ್ಬರ್ ಮುಚ್ಚಳವಿರುವ ತುದಿಬಿರಡೆ ಹಾಕಿಸಿ. ಹೊಸ ಡಿರೇಲರ್ ಕೂರಿಸುವ ಮುನ್ನ ಹ್ಯಾಂಗರ್ (ಫ್ರೇಮಿನಲ್ಲಿ ಡಿರೇಲರ್ ಕೂರುವ ಕೊಕ್ಕೆ) ನೆಟ್ಟಗಿದೆಯೇ ಎಂದು ಅಳತೆಪಟ್ಟಿ ಹಿಡಿಸಿ ನೋಡಿಸಬೇಕು. ಸೈಕಲ್ ಒಮ್ಮೆ ಬಲಕ್ಕೆ ಬಿದ್ದಿದ್ದರೂ ಅದು ಬಾಗಿರಬಹುದು, ಬಾಗಿದ್ದರೆ ಯಾವ ತಿರುಪು ತಿರುಗಿಸಿದರೂ ಗೇರ್ ಸರಿಹೋಗುವುದಿಲ್ಲ. ಕೊನೆಯಲ್ಲಿ ಚೈನನ್ನು 32ರ ಮೇಲೆ ಹಾಕಿ, ಡಿರೇಲರಿನ ಮೇಲಿನ ಸಣ್ಣ ಚಕ್ರಕ್ಕೂ (ಪುಲ್ಲಿ) 32 ಹಲ್ಲಿನ ಚಕ್ರಕ್ಕೂ ನಡುವೆ 5ರಿಂದ 6 ಮಿ.ಮೀ. ಉಳಿಯುವಂತೆ ಬಿ ತಿರುಪನ್ನು ಹೊಂದಿಸಿ. ಸ್ಪೇಸರ್ ಬೇರೆ ಕಡೆಯಿಂದ ತರಿಸುವುದು ಬೇಡ, ಗಾಲಿ ಕೊಡುವವರ ಬಳಿಯೇ ಇದ್ದರೂ ಇರುತ್ತದೆ, ಮೊದಲು ಅವರನ್ನು ಕೇಳಿ.